ಪಿನ್ ಬೇರೆ, ಪಾಸ್‌ವರ್ಡ್ ಬೇರೆ

ತಮ್ಮಾ,

ಕೆಳಗಿನ ಕಂಪ್ಯೂಟರಿನಲ್ಲಿರೋ ಅಜ್ಜಿಯ ಫೋಟೊ ಮಹಡಿ ಮೇಲಿನ ಲ್ಯಾಪ್‌ಟಾಪಿನಾಗ ತೆರೆಯವಲ್ಲವು ಅಂತ ಮೊನ್ನೆ ಫೋನ್ ಮಾಡಿದ್ದೆಯಲ್ಲ. "ಎಲ್ಲಾ ಮಾಡಿ ನೋಡೀನಿ ಕಾಕಾ, ಫೈರ್‌ವಾಲ್ ಸೈತ ಆಫ್ ಮಾಡೀನಿ" ಅಂದಾಗ ನನ್ನ ಎದೆ ಧಸಕ್ಕೆಂದಿತು. ಮೊದಲು ಅದನ್ನು ಆನ್ ಮಾಡು, ಮುಂದಿನದನ್ನು ಆಮೇಲೆ ಓದು.

ಹೆಸರು, ಪಾಸ್‌ವರ್ಡ್ ಕೇಳುವ ಪೆಟ್ಟಿಗೆ ಬರುತ್ತದೆ, ಏನು ಒತ್ತಿದರೂ ತಪ್ಪು ಅನ್ನುತ್ತದೆ ಅಂದೆ. ಆ ಪೆಟ್ಟಿಗೆ ಬಂತೆಂದರೆ ವೈಫೈ, ವೈರು, ರೌಟರ್ ಎಲ್ಲವೂ ನೆಟ್ಟಗಿವೆ. ನೀನು ಬಾಗಿಲವರೆಗೆ ಹೋಗಿದ್ದಿ, ಬೀಗದ ಕೈ ಮಾತ್ರ ಬೇರೆಯದು. ನೀನು ಒತ್ತುತ್ತಿರುವುದು ಬೆಳಿಗ್ಗೆ ಕಂಪ್ಯೂಟರ್ ತೆರೆಯುವ ನಾಲ್ಕಂಕಿಯ ಪಿನ್. ಅದು ಆ ಯಂತ್ರದ ಮುಂದೆ ಕೂತವರಿಗಷ್ಟೇ ನಡೆಯುತ್ತದೆ, ನೆಟ್‌ವರ್ಕಿನಿಂದ ಬಂದವರಿಗಲ್ಲ. ಪೆಟ್ಟಿಗೆ ಕೇಳುವುದು ಕೆಳಗಿನ ಕಂಪ್ಯೂಟರಿನ ಖಾತೆಯ ಹೆಸರು ಮತ್ತು ಅದರ ಪಾಸ್‌ವರ್ಡು. ಪಾಸ್‌ವರ್ಡೇ ಇಲ್ಲದ ಖಾತೆಯನ್ನು ವಿಂಡೋಸ್ ತಾನಾಗಿ ಒಳಗೆ ಬಿಡುವುದಿಲ್ಲ.

ಹಳೇ ಪಾಸ್‌ವರ್ಡ್ ನೆನಪು ಮಾಡಿಕೊಳ್ಳುತ್ತ ಕೂರಬೇಡ. ಕೆಳಗಿನದರಲ್ಲಿ ‘ಮನೆ’ ಅಂತ ಒಂದು ಹೊಸ ಲೋಕಲ್ ಖಾತೆ ಮಾಡಿ ಪಾಸ್‌ವರ್ಡ್ ಕೊಡು. ಫೋಟೊ ಫೋಲ್ಡರಿನ ಶೇರಿಂಗ್, ಸೆಕ್ಯುರಿಟಿ ಎರಡೂ ಕಡೆ ಆ ಹೆಸರಿಗೆ ಓದುವ ಅನುಮತಿ ಬೇಕು. ಎರಡರಲ್ಲಿ ಬಿಗಿಯಾದದ್ದೇ ಗೆಲ್ಲುತ್ತದೆ. ಲ್ಯಾಪ್‌ಟಾಪಿನ ಕ್ರೆಡೆನ್ಶಿಯಲ್ ಮ್ಯಾನೇಜರಿನಲ್ಲಿ ಹಳೆಯ ತಪ್ಪು ಪಾಸ್‌ವರ್ಡ್ ಉಳಿದಿದ್ದರೆ ಅದನ್ನೂ ಅಳಿಸು. ಅಲ್ಲೇ ನಾನೊಮ್ಮೆ ಅರ್ಧ ದಿನ ಕಳೆದೆ.

ಪೆಟ್ಟಿಗೆಯೇ ಬರದಿದ್ದರೆ ಮಾತು ಬೇರೆ. ಮಹಡಿಗೆ ಸಿಗ್ನಲ್ ಸಾಲದೆಂದು ನಾನೂ ಇನ್ನೊಂದು ರೌಟರ್ ತಂದು ಹಚ್ಚಿದ್ದೆ. ಕೆಳಗೆ ಐಪಿ ವಿಳಾಸ 192.168.1 ಅಂತ ಶುರು, ಮೇಲೆ 192.168.0! ನಮ್ಮ ಗಿಣಿಗೇರಾ ಜಂಕ್ಷನ್ನಿನಲ್ಲಿ ಗಂಗಾವತಿ ಹಳಿಯ ಕಡೆ ನಿಂತು ಹೊಸಪೇಟೆ ಗಾಡಿ ಕಾದಂತಾಗಿತ್ತು. ಎರಡೂ ಕಂಪ್ಯೂಟರಿನಲ್ಲಿ ಐಪಿಕಾನ್ಫಿಗ್ ಹೊಡೆದು ವಿಳಾಸದ ಮೊದಲ ಮೂರು ಸಂಖ್ಯೆ ಒಂದೇ ಇವೆಯೇ ನೋಡು. ಎರಡೂ ಕಡೆ ನೆಟ್‌ವರ್ಕ್ ‘ಪ್ರೈವೇಟ್’ ಇರಲಿ. ನೆಟ್‌ವರ್ಕ್ ಪಟ್ಟಿಯಲ್ಲಿ ಹೆಸರು ಕಾಣಲಿಲ್ಲವೆಂದು ಕಂಗಾಲಾಗಬೇಡ, ವಿಳಾಸದ ಪಟ್ಟಿಯಲ್ಲಿ ಎರಡು ಹಿಂದೋರೆ ಗೆರೆ (\\) ಹಾಕಿ ಕೆಳಗಿನ ಕಂಪ್ಯೂಟರಿನ ಐಪಿ ವಿಳಾಸವನ್ನೇ ಬರೆ. ಪಿಂಗ್‌ಗೆ ಉತ್ತರ ಬರದಿದ್ದರೂ ಫೋಲ್ಡರ್ ತೆರೆದುಕೊಳ್ಳುವುದುಂಟು.

ಯಾರಾದರೂ ‘ಎಸ್‌ಎಂಬಿ 1 ಆನ್ ಮಾಡು, ತಟ್ಟನೆ ಸರಿಯಾಗುತ್ತೆ’ ಅಂದರೆ ಕಿವಿಗೆ ಹಾಕಿಕೊಳ್ಳಬೇಡ. ಅದು ಫೈಲ್ ಹಂಚುವ ಹಳೇ ಪದ್ಧತಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಹುಳು ನುಗ್ಗಿ ಜಗತ್ತಿನ ಲಕ್ಷಗಟ್ಟಲೆ ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳಿದ್ದು ಆ ಹಳೇ ಬಾಗಿಲಿನಿಂದಲೇ. ಅದೇ ವರ್ಷ ಮೈಕ್ರೋಸಾಫ್ಟ್ ಹೊಸ ವಿಂಡೋಸ್ 10ರಲ್ಲಿ ಅದನ್ನು ಮುಚ್ಚತೊಡಗಿತು. ಫೋಲ್ಡರಿನಲ್ಲಿ ‘ಎವ್ರಿವನ್’ಗೆ ಪೂರ್ತಿ ಹಕ್ಕು ಕೊಡುವುದೂ ಬೇಡ. ಹಬ್ಬಕ್ಕೆ ಬಂದ ಬೀಗರ ಹುಡುಗರೆಲ್ಲ ನಮ್ಮ ವೈಫೈಯಲ್ಲೇ ಇರುತ್ತಾರಲ್ಲ!

ಇಷ್ಟಕ್ಕೆಲ್ಲ ಕೈ ಹಾಕುವ ಮೊದಲು ಪೆನ್‌ಡ್ರೈವ್ ಹಚ್ಚಿ ಫೋಟೊಗಳನ್ನೆಲ್ಲ ನಕಲು ಮಾಡಿಟ್ಟುಕೋ. ಹಂಗೇ ಅಜ್ಜಿ ಕಟ್ಟೆ ಮ್ಯಾಲ ಕೂತು ಶೇಂಗಾ ಬಿಡಿಸುವ ಫೋಟೊ ನನಗೂ ಕಳಿಸು.