ಸಲುಗೆಯ ನುಡಿ ಮತ್ತು ಪದಶಃ ಅನುವಾದ: ದೇಗಾಂವ ಪರಿಸರದ ಬೀದಿಮಾತುಗಳನ್ನು ಕುರಿತು

ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಕವಿರಾಜಮಾರ್ಗವು ಕಿಸುವೊಳಲು, ಕೊಪಣ, ಪುಲಿಗೆರೆಗಳೊಡನೆ ಒಕ್ಕುಂದವನ್ನೂ ಹೆಸರಿಸುತ್ತದೆ. ಆ ಒಕ್ಕುಂದ ಇಂದಿನ ಬೆಳಗಾವಿ ಜಿಲ್ಲೆಯ ಬೈಲಹೊಂಗಲ ತಾಲ್ಲೂಕಿನಲ್ಲಿದೆ. ಅದೇ ಸೀಮೆಗೆ ಸೇರಿದ, ಕಿತ್ತೂರಿಗೆ ಸಮೀಪದ ದೇಗಾಂವವು ವಿದ್ವಾಂಸರಿಗೆ ಪರಿಚಿತವಾಗಿರುವುದು ಕಮಲನಾರಾಯಣ ದೇವಾಲಯದಿಂದ. ಗೋವೆಯ ಕದಂಬರ ರಾಣಿ ಕಮಲಾದೇವಿ 12ನೆಯ ಶತಮಾನದಲ್ಲಿ ಕಟ್ಟಿಸಿದ ಈ ದೇವಾಲಯದ ಶಾಸನವು ಜೆ. ಎಫ್. ಫ್ಲೀಟರ ಮೂಲಕ 19ನೆಯ ಶತಮಾನದಲ್ಲಿಯೇ ಇಂಗ್ಲಿಷ್ ಬಲ್ಲ ವಿದ್ವತ್ ವಲಯವನ್ನು ತಲುಪಿತು. ಕಲ್ಲಿನ ಮೇಲಣ ಮಾತಿಗೆ ದೊರೆತ ಈ ಭಾಗ್ಯ ಗುಡಿಯ ಮುಂದಣ ಕಟ್ಟೆಯ ಮಾತಿಗೆ ದೊರೆತಿಲ್ಲ. ಒಂದು ಕಾಲಕ್ಕೆ ತಿರುಳ್ಗನ್ನಡದ ಸೀಮೆ ಎನಿಸಿದ ಈ ಪ್ರದೇಶದ ಆಡುನುಡಿಗೆ ಇಂದು ‘ಗ್ರಾಮ್ಯ’ವೆಂಬ ಹಣೆಪಟ್ಟಿ ಅಂಟಿಕೊಂಡಿದೆ. ಈ ನುಡಿ, ಅದರಲ್ಲಿಯೂ ಸಲುಗೆಯ ಬೀದಿಮಾತು, ಪದಶಃ ಇಂಗ್ಲಿಷಿಗೆ ಹೋದಾಗ ಕಳೆದುಹೋಗುವುದು ಯಾವುದು ಎಂಬುದನ್ನು ಇಲ್ಲಿ ಪರಿಶೀಲಿಸಬಹುದು.

ಎಲ್ಲರೂ ಬಲ್ಲ ಒಂದು ನಿದರ್ಶನವಿದೆ. 2019ರಲ್ಲಿ ಬೆಳಗಾವಿ ಜಿಲ್ಲೆಯ ಕಾಗವಾಡ ವಿಧಾನಸಭಾ ಉಪಚುನಾವಣೆಯ ಪ್ರಚಾರಸಭೆಯೊಂದರಲ್ಲಿ ಆಗಿನ ವಿರೋಧ ಪಕ್ಷದ ನಾಯಕ ಸಿದ್ದರಾಮಯ್ಯನವರು ಮಾತನಾಡುತ್ತಿದ್ದಾಗ ಕೇಳುಗನೊಬ್ಬ ‘ಹೌದ ಹುಲಿಯಾ’ ಎಂದು ಉದ್ಗರಿಸಿದನು. ಆ ಎರಡು ಪದಗಳು ಕೆಲವೇ ದಿನಗಳಲ್ಲಿ ನಾಡಿನಾದ್ಯಂತ ಹಬ್ಬಿದವು. ಇದನ್ನು ‘ಯೆಸ್, ಟೈಗರ್’ ಎಂದು ಅನುವಾದಿಸಿದರೆ ಪದಗಳ ಲೆಕ್ಕದಲ್ಲಿ ತಪ್ಪೇನೂ ಇಲ್ಲ. ಆದರೆ ಇಂಗ್ಲಿಷಿನ ‘ಯೆಸ್’ ಪ್ರಶ್ನೆಯೊಂದಕ್ಕೆ ಕೊಡುವ ಉತ್ತರ. ಇಲ್ಲಿ ಯಾರೂ ಪ್ರಶ್ನೆಯನ್ನೇ ಕೇಳಿರಲಿಲ್ಲ. ಈ ‘ಹೌದ’ ಎಂಬುದು ಹಾಡುವವನನ್ನೋ ಮಾತನಾಡುವವನನ್ನೋ ಮುಂದಕ್ಕೆ ತಳ್ಳುವ ಹಿಮ್ಮೇಳದ ದನಿ. ‘ಹುಲಿಯಾ’ ಎಂಬುದರಲ್ಲಿಯೂ ಪ್ರಾಣಿಯಿಲ್ಲ. ಮೆಚ್ಚುಗೆಯಿದೆ, ಜೊತೆಗೆ ದೊಡ್ಡವರನ್ನು ಏಕವಚನಕ್ಕೆ ಇಳಿಸಿ ತನ್ನವನನ್ನಾಗಿ ಮಾಡಿಕೊಳ್ಳುವ ಸ್ವಾತಂತ್ರ್ಯವಿದೆ. ಪದಶಃ ಅನುವಾದದಲ್ಲಿ ಹುಲಿ ಉಳಿಯುತ್ತದೆ, ಈ ಸ್ವಾತಂತ್ರ್ಯ ಉಳಿಯುವುದಿಲ್ಲ.

ಇಲ್ಲಿಂದ ಹೊರಡುವ ವಿಚಾರವೆಂದರೆ, ಬೀದಿಮಾತಿನಲ್ಲಿ ಕಳೆದುಹೋಗುವುದು ಬಹುಪಾಲು ಅರ್ಥವಲ್ಲ, ಸಂಬಂಧ. ಬಹಳ ದಿನಗಳ ಮೇಲೆ ಭೇಟಿಯಾದ ಗೆಳೆಯನನ್ನು ಈ ಭಾಗದಲ್ಲಿ ‘ಎಲ್ಲಿ ಸತ್ತಿದ್ದಿಲೇ ಮಗನ ಇಷ್ಟ ದಿನಾ?’ ಎಂದು ಕೇಳುವುದುಂಟು. ಸಾವು, ಮಗ ಎಂಬ ಎರಡೂ ಪದಗಳಿಗೆ ಇಂಗ್ಲಿಷಿನಲ್ಲಿ ಸಮಾನಪದಗಳಿವೆ. ಅವುಗಳನ್ನು ಇಟ್ಟೊಡನೆ ವಾಕ್ಯವು ಶಾಪವಾಗುತ್ತದೆ ಇಲ್ಲವೆ ಒಗಟಾಗುತ್ತದೆ. ‘ಲೇ’ ಎಂಬ ಒಂದಕ್ಷರಕ್ಕಂತೂ ಸಮಾನಪದವೇ ಇಲ್ಲ. ಅದೇ ಬಾಯಿ ಅಪರಿಚಿತನೆದುರು ‘ರೀ’ ಎನ್ನುತ್ತದೆ. ‘ರೀ’ ಮತ್ತು ‘ಲೇ’ಗಳ ನಡುವಿನ ದೂರವೇ ಇಲ್ಲಿ ಸ್ನೇಹದ ಅಳತೆ. ಇಂಗ್ಲಿಷಿನ ‘ಯೂ’ ಈ ದೂರವನ್ನು ಅಳೆಯಲಾರದು.

ಹಿರಿಯ ಹೆಂಗಸರ ಮಾತಿನಲ್ಲಿ ಇದು ಇನ್ನೂ ಸೂಕ್ಷ್ಮವಾಗುತ್ತದೆ. ಮೊಮ್ಮಗನ ತೊದಲುಮಾತನ್ನು ಕೇಳಿ ಹಿಗ್ಗಿದ ಅಜ್ಜಿ ‘ಎಷ್ಟ ಚಂದ ಮಾತಾಡತಾನ ನೋಡ, ಇವನ ಹೆಣಾ ಎತ್ತಲಿ’ ಎನ್ನುತ್ತಾಳೆ. ಮಗುವಿಗೆ ಕಣ್ಣುತಾಗೀತೆಂಬ ಅಂಜಿಕೆಯಿಂದ ಹೊಗಳಿಕೆಯ ಬೆನ್ನಿಗೇ ಬೈಗುಳವನ್ನು ಇಟ್ಟು ದೃಷ್ಟಿ ತೆಗೆಯುವ ರೀತಿ ಇದೆಂದು ತಿಳಿಯಬಹುದು. ಪದಶಃ ಅನುವಾದದಲ್ಲಿ ಈಕೆ ಮಗುವಿನ ಸಾವನ್ನು ಬಯಸುವ ಕ್ರೂರಿಯಾಗಿ ಕಾಣುತ್ತಾಳೆ. ಅನುವಾದಕನೊಬ್ಬನ ನಿಷ್ಠೆ ಒಬ್ಬ ಅಜ್ಜಿಯ ಚಾರಿತ್ರ್ಯವನ್ನೇ ಕೆಡಿಸಬಲ್ಲದು.

ಈ ತೊಡಕು ಕನ್ನಡಕ್ಕೆ ಮಾತ್ರ ಸೀಮಿತವಲ್ಲ. ಮೆಕ್ಸಿಕೋದ ಸ್ಪ್ಯಾನಿಷಿನಲ್ಲಿ ಎತ್ತು ಎಂಬರ್ಥದ ‘ಬ್ವೇ’ ಪದದಿಂದ ಬಂದ ‘ಗ್ವೇ’ ಎಂಬುದು ಒಮ್ಮೆ ದಡ್ಡನನ್ನು ಹಳಿಯುವ ಮಾತಾಗಿದ್ದು, ಈಗ ಗೆಳೆಯರು ಪರಸ್ಪರ ಕರೆಯುವ ಮಾತಾಗಿದೆ. ಅದನ್ನು ಎತ್ತೆಂದು ಅನುವಾದಿಸಿದರೆ ಆಗುವ ನಷ್ಟವು ‘ಮಗನ’ ಎಂಬುದನ್ನು ‘ಸನ್’ ಎಂದಾಗ ಆಗುವ ನಷ್ಟವೇ.

ಆದರೆ ನಮ್ಮಲ್ಲಿನ ಒಂದು ವಿಶೇಷವನ್ನು ಗಮನಿಸಬೇಕು. ಇಲ್ಲಿ ನಷ್ಟವು ಎಷ್ಟೋ ಸಲ ಇಂಗ್ಲಿಷನ್ನು ತಲುಪುವ ಮೊದಲೇ, ಕನ್ನಡದ ಒಳಗೇ ಸಂಭವಿಸುತ್ತದೆ. ‘ಏನಲೇ, ತಿಂಡಿ ಬಂದೈತೇನ?’ ಎಂಬ ಮಾತನ್ನು ಮೈಸೂರು ಸೀಮೆಯ ಕಿವಿ ಉಪಾಹಾರದ ವಿಚಾರಣೆ ಎಂದು ಕೇಳೀತು. ಬೆಳಗಾವಿ, ಧಾರವಾಡಗಳಲ್ಲಿ ಬೆಳಗಿನ ಉಪಾಹಾರ ‘ನಾಷ್ಟಾ’. ‘ತಿಂಡಿ’ ಎಂದರೆ ತುರಿಕೆ. ಆದ್ದರಿಂದ ಇದು ಜಗಳಕ್ಕೆ ಕೊಡುವ ಎಚ್ಚರಿಕೆ. ‘ಹುಚ್ಚಪ್ಯಾಲಿ’ಯಲ್ಲಿ ಪ್ಯಾಲಿಯನ್ನು ಬಟ್ಟಲೆಂದು ಹಿಡಿದವನಿಗೆ ಹುಚ್ಚುಹಿಡಿದ ಬಟ್ಟಲು ಸಿಗುತ್ತದೆಯೇ ಹೊರತು ಪೆದ್ದ ಗೆಳೆಯ ಸಿಗುವುದಿಲ್ಲ. ‘ಕಡಕ್’ ಎಂಬ ಒಂದೇ ಪದ ಚಹಾಕ್ಕೆ, ರೊಟ್ಟಿಗೆ, ಅಧಿಕಾರಿಗೆ ಮೂರು ಬಗೆಯಾಗಿ ಅನ್ವಯಿಸುವುದು ಎಲ್ಲರಿಗೂ ತಿಳಿದದ್ದೇ.

ನಿಘಂಟುಗಳ ನೆರವು ಇಲ್ಲಿ ಮಿತವಾದುದು. 1894ರ ತನ್ನ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಕಿಟೆಲ್ ಆಡುಮಾತಿಗೂ ಗಾದೆಗೂ ಎಡೆಗೊಟ್ಟು, ಪ್ರಾದೇಶಿಕ ಬಳಕೆಯನ್ನು ಗುರುತಿಸುವ ಯತ್ನ ಮಾಡಿದನು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ‘ಕನ್ನಡ ನಿಘಂಟು’ ಮುಖ್ಯವಾಗಿ ಶಾಸನ ಮತ್ತು ಗ್ರಂಥಗಳ ಪ್ರಯೋಗಗಳನ್ನು ಆಧರಿಸಿದ ಮಹತ್ಕಾರ್ಯ. ಬರಹಕ್ಕೆ ಇಳಿಯದ ಮಾತಿಗೆ ಇಂಥ ಯೋಜನೆಯಲ್ಲಿ ಜಾಗ ಕಡಿಮೆಯಾಗುವುದು ಸಹಜ. ಬೀದಿಮಾತು ಬರಹಕ್ಕೆ ಇಳಿಯುವುದೇ ಅಪರೂಪ.

ಅನುವಾದಕರು ಕಂಡುಕೊಂಡ ದಾರಿಗಳಲ್ಲಿ ಒಂದು ಪದವನ್ನು ಹಾಗೆಯೇ ಉಳಿಸುವುದು. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಶ್ರೀನಾಥ್ ಪೆರೂರರ ಇಂಗ್ಲಿಷ್ ಅನುವಾದದಲ್ಲಿಯೂ ಅದೇ ಹೆಸರಿನಲ್ಲಿದೆ; ಅದು ಕುಟುಂಬವೊಂದರ ಒಳಗೆ ಹುಟ್ಟಿದ ಪದವಾದ್ದರಿಂದ ಕನ್ನಡ ಓದುಗನೂ ಅದನ್ನು ಹೊಸದಾಗಿಯೇ ಕಲಿಯುತ್ತಾನೆ. ಬಾನು ಮುಷ್ತಾಕರ ಕತೆಗಳ ಅನುವಾದವಾದ, 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ‘ಹಾರ್ಟ್ ಲ್ಯಾಂಪ್’ನಲ್ಲಿ ದೀಪಾ ಭಾಸ್ತಿಯವರು ಮೂಲದ ಪದಗಳನ್ನು ಓರೆ ಅಕ್ಷರವಾಗಲಿ ಅಡಿಟಿಪ್ಪಣಿಯಾಗಲಿ ಇಲ್ಲದೆ ಬಿಟ್ಟಿದ್ದಾರೆ. ಇನ್ನೊಂದು ದಾರಿ ‘ಡ್ಯೂಡ್’, ‘ಮೇಟ್’ಗಳಂಥ ಸಮಾನಪದಗಳದು. ಇದು ಓದಿಗೆ ಸುಲಭ, ಆದರೆ ಬೈಲಹೊಂಗಲದ ಸಂತೆಯಲ್ಲಿ ನಿಂತವನನ್ನು ಅಮೆರಿಕದ ಬೀದಿಗೋ ಲಂಡನ್ನಿನ ಬೀದಿಗೋ ಸಾಗಿಸಿಬಿಡುತ್ತದೆ. ಅಡಿಟಿಪ್ಪಣಿ ವಸ್ತುವನ್ನು ವಿವರಿಸೀತು. ಸಲುಗೆಯನ್ನು ವಿವರಿಸಿದ ಕ್ಷಣದಲ್ಲಿಯೇ ಅದು ಸತ್ತಿರುತ್ತದೆ.

ಈ ಮಾತುಗಳ ಅರ್ಥ ನಿರ್ಣಯವಾಗುವುದು ಆಡಿದವನಿಂದಲ್ಲ, ಕೇಳಿದವನ ಮರುಮಾತಿನಿಂದ. ‘ಎಲ್ಲಿ ಸತ್ತಿದ್ದಿಲೇ’ ಎಂದವನಿಗೆ ‘ನೀ ಮಣ್ಣಿಗೆ ಬರ್ಲಿಲ್ಲಲೇ, ಅದಕ ಎದ್ದ ಬಂದೆ’ ಎಂಬ ಉತ್ತರ ಬಂದರೆ, ಮೊದಲ ವಾಕ್ಯ ಶಾಪವಲ್ಲವೆಂಬುದು ಯಾವ ಭಾಷೆಯ ಓದುಗನಿಗಾದರೂ ತಿಳಿಯುತ್ತದೆ. ಆದ್ದರಿಂದ ಅನುವಾದದ ಘಟಕ ಪದವೂ ಅಲ್ಲ, ವಾಕ್ಯವೂ ಅಲ್ಲ, ಮಾತು–ಮರುಮಾತುಗಳ ಜೋಡಿ. ‘ಲೇ’, ‘ರೀ’ಗಳನ್ನು ಇಂಗ್ಲಿಷಿನಲ್ಲಿಯೂ ಹಾಗೆಯೇ ಇರಿಸಿ, ಉಳಿದುದನ್ನು ಪದಶಃ ಕೊಟ್ಟರೂ ಜೋಡಿ ಮುರಿಯದಿದ್ದಲ್ಲಿ ಸಂಬಂಧ ಬಹುಮಟ್ಟಿಗೆ ದಾಟುತ್ತದೆ. ಪದಸಂಗ್ರಹಕ್ಕೆ ಹೊರಟವರೂ ಚೀಟಿಯ ಮೇಲೆ ಪದ, ಅರ್ಥಗಳ ಜೊತೆಗೆ ಆಡಿದವರು ಯಾರು, ಯಾರಿಗೆ ಆಡಿದರು, ಅವರು ಏನೆಂದರು ಎಂಬ ಮೂರು ವಿವರಗಳನ್ನು ಬರೆದುಕೊಳ್ಳಬೇಕಾಗುತ್ತದೆ. ‘ಹೆಣಾ ಎತ್ತಲಿ’ ಎಂದು ಮುದ್ದಿಸುವ ಅಜ್ಜಿಯರಿಂದಲೇ ಈ ಕೆಲಸ ಮೊದಲಾಗುವುದು ಲೇಸು. ಅವರ ಮೊಮ್ಮಕ್ಕಳು ತಮ್ಮ ಮಕ್ಕಳಿಗೆ ಆ ಮಾತನ್ನು ಆಡುತ್ತಿರುವಂತೆ ತೋರುವುದಿಲ್ಲ.