ಮಳೆಗೆ ಮೊದಲು ಮರಗಸಿ

ಬಾಳೆಹೊನ್ನೂರು, ಏಪ್ರಿಲ್

ಚಿ. ಸುಹಾಸನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕೂನೂರಿನ ಉಪಾಸಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ತರಬೇತಿ ಮುಗಿಸಿ ಗೂಡಲೂರಿಗೆ ವಾಪಸಾದೆ ಅಂತ ನಿನ್ನಮ್ಮ ಫೋನ್ ಮಾಡಿದ್ದಳು. ಬಹಳ ಸಂತೋಷ ಕಣೋ. ಆದರೆ ಕಲಿತ ಹುರುಪಿನಲ್ಲಿ ಎರಡೂ ಎಕರೆ ಚಹಾ ಈ ವರ್ಷವೇ ಸವರುತ್ತೀಯಂತೆ. ಅದಕ್ಕೇ ಈ ಕಾಗದ.

ಸವರಿದ ಗಿಡ ಚಿಗುರಿ ಕೊಯ್ಲಿಗೆ ಬರಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಮನೆ ನಡೆಯಬೇಡವೇ? ಹೇಗೂ ನಿಮ್ಮ ಕಡೆ 4–5 ವರ್ಷಕ್ಕೊಮ್ಮೆ ಸವರುವ ರೂಢಿ. ತೋಟವನ್ನು ನಾಲ್ಕು ಪಾಲು ಮಾಡಿ ವರ್ಷಕ್ಕೊಂದು ಪಾಲು ಸವರು. ಕಡಿದ ರೆಂಬೆ ಸೌದೆಗೆ ಹೋಗದಿರಲಿ, ಸಾಲಿನ ನಡುವೆ ಹರಡು. ತೇವ ನಿಲ್ಲುತ್ತದೆ, ಇಳಿಜಾರಿನ ಮಣ್ಣು ಕೊಚ್ಚಿಹೋಗುವುದಿಲ್ಲ. ಗುಂಡ್ಲುಪೇಟೆಯ ನೆಂಟರ ಮಾತು ಕೇಳಿ ಸುಣ್ಣ ಎರಚಬೇಡ. ಚಹಾಕ್ಕೆ ಹುಳಿಮಣ್ಣೇ ಬೇಕು, ರಸಸಾರ 4.5ರಿಂದ 5.5ರೊಳಗಿದ್ದರೆ ಒಳ್ಳೆಯದು. ಮೊದಲು ಮಣ್ಣು ಪರೀಕ್ಷೆ ಮಾಡಿಸು.

ನೆರಳಿನ ವಿಷಯದಲ್ಲಿ ಮಾತ್ರ ಈ ಕಾಫಿಯವನ ಮಾತು ಕೇಳು. ಮರ ನೆಟ್ಟರೆ ಮುಗಿಯಲಿಲ್ಲ, ವರ್ಷವರ್ಷವೂ ನೆರಳನ್ನು ಹದಕ್ಕೆ ತರಬೇಕು. ಬೇಸಿಗೆಯಲ್ಲಿ ಬೋಳು ತೋಟಕ್ಕೆ ಕೆಂಪು ನುಸಿ ಹತ್ತಿ ಎಲೆ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಅದೇ ನೆರಳನ್ನು ಮುಂಗಾರಿಗೂ ಹಾಗೇ ಬಿಟ್ಟರೆ ಚಿಗುರು ಆರುವುದೇ ಇಲ್ಲ, ಬೊಬ್ಬೆ ರೋಗ ಬರುತ್ತದೆ. ಎಳೆ ಎಲೆಯ ಮೇಲೆ ಸಣ್ಣ ತಗ್ಗು ಕಂಡರೆ ಮಗುಚಿ ನೋಡು. ಅಡಿಯಲ್ಲಿ ಬೆಳ್ಳಗೆ ಉಬ್ಬಿರುತ್ತದೆ. ಆದ್ದರಿಂದ ಮೇ ಮುಗಿಯುವುದರೊಳಗೆ ಮರಗಸಿ, ಅಂದರೆ ನೆರಳುಮರದ ಕೊಂಬೆ ಸವರುವುದು, ಆಗಲೇಬೇಕು.

ಬರೀ ಸಿಲ್ವರ್ ಓಕ್ ಸಾಲದು, ನಡುವೆ ಹಾಲುವಾಣವನ್ನೂ ನೆಡು. ಅದರ ಬೇರು ಸಾರಜನಕ ಹಿಡಿದಿಡುತ್ತದೆ, ಸೊಪ್ಪು ಗೊಬ್ಬರವಾಗುತ್ತದೆ. ಗೂಡಲೂರಿನ ಹವೆಗೆ ಓಕ್ ಮರಕ್ಕೆ ಮೆಣಸು ಹಬ್ಬಿಸಬಹುದು. ಚಹಾ ದರ ಬಿದ್ದ ವರ್ಷ ಅದು ಕೈ ಹಿಡಿಯುತ್ತದೆ. ಜೊತೆಗೆ ಕಲಿತ ಕೋಟಗಿರಿಯ ಹುಡುಗರಿಗೆ ಮಾತ್ರ ಈ ಸಲಹೆ ಕೊಡಬೇಡ, ಅಲ್ಲಿಯ ಚಳಿಗೆ ಬಳ್ಳಿ ಒಗ್ಗುವುದಿಲ್ಲ.

ಇನ್ನೊಂದು ಮಾತು. ನೀನೊಬ್ಬನೇ ಎರಡೆಲೆ, ಒಂದು ಕುಡಿ ನೋಡಿ ಕೊಯ್ದರೆ ಏನು ಬಂತು? ಪಕ್ಕದವರ ಬಲಿತ ಎಲೆಯೂ ಅದೇ ವ್ಯಾನಿನಲ್ಲಿ ಫ್ಯಾಕ್ಟರಿಗೆ ಹೋಗುತ್ತದೆ, ಇಡೀ ಲೋಡಿನ ದರ ಇಳಿಯುತ್ತದೆ. ಔಷಧಿ ಹೊಡೆದ ಮೇಲೆ ಸಾಕಷ್ಟು ದಿನ ಬಿಡದೆ ಕೊಯ್ದರೂ ಕೆಡುವುದು ಎಲ್ಲರ ಚಹಾ. ಆದ್ದರಿಂದ ಕಲಿತದ್ದನ್ನು ನೆರೆಹೊರೆಗೂ ಹೇಳಿಕೊಡು. ಹಿರಿಯರ ಎದುರು ಪಾಠ ಒಪ್ಪಿಸಬೇಡ, ನಿನ್ನ ಸಾಲಿಗೆ ಕರೆದು ತೋರಿಸು.

ಮೊದಲ ಪಾಲು ಸವರಿದಾಗ ಕೈ ಕಟ್ಟುತ್ತದೆ. ಆ ಖರ್ಚಿಗೆ ನಾನಿದ್ದೇನೆ. ಲೆಕ್ಕ ಬರೆದಿಟ್ಟೇ ಕೊಡುತ್ತೇನೆ, ಮೆಣಸು ಮಾರಿದ ಮೇಲೆ ತೀರಿಸು. ಮರಗಸಿಗೆ ನಮ್ಮ ತೋಟದಿಂದ ಪಳಗಿದ ಆಳೊಬ್ಬನನ್ನು ಬರುವ ವಾರ ಕಳಿಸುತ್ತೇನೆ. ಅವನ ಹಿಂದೆ ನೀನೂ ಮರ ಹತ್ತಬೇಡ. ಕೆಳಗೆ ನಿಂತು, ಯಾವ ಕೊಂಬೆ ಬಿಟ್ಟ, ಯಾಕೆ ಬಿಟ್ಟ ಅಂತ ಕೇಳಿ ತಿಳಿದುಕೋ.

ಇಂತಿ ನಿನ್ನ
ದೊಡ್ಡಪ್ಪ