ಎತ್ತರಿಸಿದ ಜೀಪಿನ ಸ್ಟಿಯರಿಂಗ್ ಅಲೆದಾಟ

ಮಲೆನಾಡಿನ ತೋಟಗಳಲ್ಲಿ ಕಲ್ಲು, ದಿಣ್ಣೆಗಳಿಗೆ ತಳ ತಾಗದಿರಲೆಂದು ಜೀಪಿನ ಕಮಾನುಪಟ್ಟಿಗಳಿಗೆ ಉದ್ದನೆಯ ಶ್ಯಾಕಲ್ ಹಾಕಿಸುವುದುಂಟು. ತೋಟದೊಳಗೆ ಇದರಿಂದ ಅನುಕೂಲವೇ. ಆದರೆ ಡಾಂಬರು ರಸ್ತೆಗೆ ಬಂದಾಗ ಗಾಡಿ ಎಡಬಲಕ್ಕೆ ಅಲೆಯತೊಡಗುತ್ತದೆ. ಕೆಲಸಗಾರರನ್ನು ಕೂರಿಸಿಕೊಂಡು ಘಟ್ಟ ಇಳಿಯುವಾಗ ಇದು ಪ್ರಾಣಾಪಾಯದ ಮಾತು.

ಮುಖ್ಯ ಕಾರಣ ಕ್ಯಾಸ್ಟರ್ ಕೋನ ಕುಗ್ಗುವುದು. ಸೈಕಲ್ಲಿನ ಮುಂದಿನ ಫೋರ್ಕು ವಾಲಿರುವಂತೆ ಕಿಂಗ್‌ಪಿನ್ನಿನ ತಲೆಯೂ ತುಸು ಹಿಂದಕ್ಕೆ ವಾಲಿರಬೇಕು. ಚಕ್ರವನ್ನು ತಾನಾಗಿ ನೇರಕ್ಕೆ ತರುವುದು ಈ ವಾಲಿಕೆಯೇ. ಹಳೆಯ ವಿಲ್ಲೀಸ್ ಮಾದರಿಯ ಜೀಪಿಗೆ ಇದು 3 ಡಿಗ್ರಿ. ಶ್ಯಾಕಲ್ ಪಟ್ಟಿಯ ಮುಂತುದಿಯಲ್ಲಿರುವ ಇಂಥ ಜೀಪುಗಳಲ್ಲಿ ಅದನ್ನು ಉದ್ದ ಮಾಡಿದರೆ ಅಚ್ಚು ಮುಂದಕ್ಕೆ ತಿರುಗಿ ವಾಲಿಕೆ ಕಡಿಮೆಯಾಗುತ್ತದೆ.

ಮೊದಲು ಖರ್ಚಿಲ್ಲದ ಪರೀಕ್ಷೆ. ಟೈರುಗಳ ಗಾಳಿ ಸರಿಪಡಿಸಿ, ಯು-ಬೋಲ್ಟುಗಳನ್ನು ಬಿಗಿಯಬೇಕು. ಚಕ್ರ ನೆಲದ ಮೇಲಿರುವಾಗಲೇ ಒಬ್ಬರು ಸ್ಟಿಯರಿಂಗನ್ನು ಅತ್ತಿತ್ತ ಆಡಿಸುತ್ತಿರಲು, ಇನ್ನೊಬ್ಬರು ಸಲಾಕೆಗಳ ಕೀಲುಗಳನ್ನು ನೋಡಬೇಕು. ಸಡಿಲ ಕೀಲನ್ನು ಬದಲಾಯಿಸದೆ ಮುಂದುವರಿಯಬಾರದು.

ಅನಂತರ ಕೋನ ಅಳೆಸಿ, ಕಮಾನುಪಟ್ಟಿಗೂ ಅಚ್ಚಿಗೂ ನಡುವೆ ಉಕ್ಕಿನ ಬೆಣೆ ಕೂರಿಸಬೇಕು. ಪಟ್ಟಿ ಅಚ್ಚಿನ ಕೆಳಗಿದ್ದರೆ ಬೆಣೆಯ ದಪ್ಪ ತುದಿ ಮುಂದಕ್ಕೆ, ಮೇಲಿದ್ದರೆ ಹಿಂದಕ್ಕೆ. ಎಡವುವುದು ಇಲ್ಲೇ, ತಿರುಗುಮುರುಗಾದರೆ ಅಲೆದಾಟ ಇನ್ನೂ ಹೆಚ್ಚುತ್ತದೆ. ಅತಿ ದಪ್ಪ ಬೆಣೆಯೂ ಸಲ್ಲದು: ಮುಂದಿನ ಡಿಫರೆನ್ಷಿಯಲ್ಲಿನ ಮೂತಿ ತಗ್ಗಿ ಪ್ರೊಪೆಲರ್ ಶಾಫ್ಟಿನ ಕೀಲು ಸವೆಯುತ್ತದೆ. ಅಷ್ಟು ದಪ್ಪ ಬೇಕಾಯಿತೆಂದರೆ ಶ್ಯಾಕಲ್ಲೇ ಅತಿ ಉದ್ದ. ಗಿಡ್ಡದ್ದನ್ನು ಹಾಕಿಸುವುದು ಲೇಸು.

ಕೊನೆಗೆ ಟೋ-ಇನ್. ಮುಂದಿನ ಎರಡು ಚಕ್ರಗಳ ನಡುವಿನ ಅಂತರ ಹಿಂಬದಿಗಿಂತ ಮುಂಬದಿಯಲ್ಲಿ 1ರಿಂದ 2 ಮಿ.ಮೀ. ಕಡಿಮೆಯಿರಬೇಕು. ಕೆಲವು ದಿನ ಓಡಿಸಿದ ಮೇಲೆ ಯು-ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು.